ಡಾಕ್ಟರು ಕೇಳಲಿಲ್ಲ, ನೀವು ಹೇಳಲಿಲ್ಲ

ರಮಝಾನ್ ತಿಂಗಳಲ್ಲಿ ಸಕ್ಕರೆ ಕಾಯಿಲೆಯ ತಪಾಸಣೆಗೆ ಹೋಗಿದ್ದೀರಿ ಎಂದಿಟ್ಟುಕೊಳ್ಳಿ. ಡಾಕ್ಟರು ರಿಪೋರ್ಟ್ ನೋಡಿ, ಹಳೆಯ ಮಾತ್ರೆಯನ್ನೇ ಮುಂದುವರಿಸಲು ಚೀಟಿ ಬರೆದರು. ಉಪವಾಸ ಇದ್ದೀರಾ ಎಂದು ಅವರು ಕೇಳಲಿಲ್ಲ. ಹೇಳಿದರೆ ಗದರುತ್ತಾರೇನೋ ಎಂಬ ಅಳುಕಿನಿಂದ ನೀವೂ ಹೇಳಲಿಲ್ಲ. ಬೆಳಗಿನ ತಿಂಡಿಗೆ ಮೊದಲು ನುಂಗುತ್ತಿದ್ದ ಗ್ಲಿಮೆಪಿರೈಡ್ ಮಾತ್ರೆಯನ್ನು ಸಹರಿಯಲ್ಲಿ ನುಂಗಿ ದಿನವಿಡೀ ಹಸಿದಿದ್ದರೆ, ಮಧ್ಯಾಹ್ನದ ಮೇಲೆ ರಕ್ತದಲ್ಲಿನ ಸಕ್ಕರೆ ಅಪಾಯಕ್ಕಿಳಿಯಬಹುದು. ಬೆವರು, ಕೈನಡುಕ, ಮಂಪರು, ಕೆಲವೊಮ್ಮೆ ಪ್ರಜ್ಞೆಯೇ ತಪ್ಪುತ್ತದೆ. ರೋಗನಿರ್ಣಯ ಸರಿ ಇದ್ದು, ಮಾತ್ರೆಯೂ ಸರಿ ಇದ್ದು ಆಗುವ ಅನಾಹುತ ಇದು. ಒಂದೇ ಒಂದು ಪ್ರಶ್ನೆ ಕೇಳಿದ್ದರೆ ತಪ್ಪುತ್ತಿತ್ತು.

ರೋಗಿಯ ಬದುಕಿನ ಬಗ್ಗೆ ತನಗೆ ಎಲ್ಲ ಗೊತ್ತಿಲ್ಲ ಎಂದು ಒಪ್ಪಿಕೊಂಡು ಕೇಳುವ ಈ ಗುಣಕ್ಕೆ ವೈದ್ಯಶಾಸ್ತ್ರದಲ್ಲಿ ‘ಸಾಂಸ್ಕೃತಿಕ ವಿನಯ’ ಎನ್ನುತ್ತಾರೆ. ಅಮೆರಿಕದ ಮೆಲಾನಿ ಟರ್ವಲಾನ್ ಮತ್ತು ಜಾನ್ ಮರ್ರೆ-ಗಾರ್ಸಿಯಾ ಎಂಬ ಇಬ್ಬರು ವೈದ್ಯೆಯರು 1998ರ ಲೇಖನವೊಂದರಲ್ಲಿ ಇದನ್ನು ವಿವರಿಸಿದರು. ಅದರಲ್ಲಿ ಅವರು ಹೇಳುವ ಒಂದು ಪ್ರಸಂಗ ಹೀಗಿದೆ. ಲ್ಯಾಟಿನ್ ಅಮೆರಿಕ ಮೂಲದ ಮಹಿಳೆಯೊಬ್ಬರಿಗೆ ಶಸ್ತ್ರಚಿಕಿತ್ಸೆಯಾಗಿ ಕೆಲವು ಗಂಟೆಗಳಾಗಿವೆ, ನರಳುತ್ತಿದ್ದಾರೆ. ಅದೇ ಮೂಲದ ವೈದ್ಯರೊಬ್ಬರು ಬಂದು, ಇವರಿಗೆ ತುಂಬ ನೋವಿದ್ದಂತಿದೆ ಎಂದರು. ನರ್ಸ್ ಅದನ್ನು ತಳ್ಳಿಹಾಕಿದರು. ಈ ಜನ ನೋವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸಿಕೊಳ್ಳುತ್ತಾರೆಂದು ತಾನು ನರ್ಸಿಂಗ್ ಶಾಲೆಯಲ್ಲೇ ಕಲಿತಿದ್ದೇನೆ ಎಂಬುದು ಅವರ ಉತ್ತರ.

ಗಮನಿಸಿ, ಆ ನರ್ಸ್ ಕಲಿಯದವರಲ್ಲ. ಬೇರೆ ಸಮುದಾಯಗಳ ಬಗ್ಗೆ ಪಾಠ ಕೇಳಿದವರೇ. ಆ ಪಾಠವೇ ಅವರ ಕಿವಿ ಮುಚ್ಚಿತು. ಶಸ್ತ್ರಚಿಕಿತ್ಸೆಯ ನಂತರದ ತೀವ್ರ ನೋವು ಒಳಗಿನ ರಕ್ತಸ್ರಾವದ ಸೂಚನೆಯೂ ಆಗಿರಬಹುದು. ಹಾಗಾಗಿ ಇದನ್ನು ಬರೀ ಮರ್ಯಾದೆಯ ಪ್ರಶ್ನೆ ಎಂದು ಬಿಡುವಂತಿಲ್ಲ. ‘ಮುಸ್ಲಿಮರು ಹೀಗೇ’ ಎಂದು ಓದಿಕೊಂಡು ಬರುವ ಡಾಕ್ಟರಿಗಿಂತ, ‘ನಿಮ್ಮ ಮನೆಯಲ್ಲಿ ಹೇಗೆ?’ ಎಂದು ಕೇಳುವ ಡಾಕ್ಟರೇ ನನಗೆ ಹೆಚ್ಚು ಸುರಕ್ಷಿತವೆನಿಸುತ್ತಾರೆ. ನಮ್ಮಲ್ಲೇ ಒಂದು ಮನೆಯಂತೆ ಇನ್ನೊಂದಿಲ್ಲವಲ್ಲ!

ಆಸ್ಪತ್ರೆಯಲ್ಲಿ ಸುರಕ್ಷತೆಯ ಸಂಸ್ಕೃತಿ ಇದೆ ಎನ್ನಬೇಕಾದರೆ, ಏನೋ ಸರಿಯಿಲ್ಲವೆಂದು ಕಂಡಾಗ ಆಯಾ, ನರ್ಸ್, ರೋಗಿಯ ಮಗಳು ಯಾರೇ ಆಗಲಿ ಬೈಗುಳದ ಹೆದರಿಕೆಯಿಲ್ಲದೆ ‘ಸ್ವಲ್ಪ ನಿಲ್ಲಿ’ ಎನ್ನುವಂತಿರಬೇಕು. ಕೇಳುವ ಗುಣ ಇಲ್ಲದ ಕಡೆ ಹೇಳುವ ಧೈರ್ಯವೂ ಯಾರಿಗೂ ಬರುವುದಿಲ್ಲ.

ಹೆಸರಿನ ವಿಷಯವನ್ನೇ ನೋಡಿ. ಒಂದೇ ವಾರ್ಡಿನಲ್ಲಿ ಇಬ್ಬರು ಫಾತಿಮಾ, ಮೂವರು ಮುಹಮ್ಮದ್ ಇರುವುದು ನಮ್ಮ ಕಡೆ ಅಪರೂಪವೇನಲ್ಲ. ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗ್, ಹಳೆಯ ಫೈಲಿನಲ್ಲಿ ಇನ್ನೊಂದು. ಇಂಜೆಕ್ಷನ್, ರಕ್ತ ಅಥವಾ ಆಪರೇಷನ್‌ಗೆ ಮೊದಲು ಕನಿಷ್ಠ ಎರಡು ಗುರುತುಗಳನ್ನು ತಾಳೆ ನೋಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ: ಹೆಸರು, ಜೊತೆಗೆ ಹುಟ್ಟಿದ ದಿನಾಂಕ ಅಥವಾ ಆಸ್ಪತ್ರೆಯ ನೋಂದಣಿ ಸಂಖ್ಯೆ. ಮಂಚದ ನಂಬರ್ ಗುರುತಾಗುವುದಿಲ್ಲ, ಮಂಚ ಬದಲಾಗುತ್ತದೆ. ‘ನೀವು ಫಾತಿಮಾ ಅಲ್ವಾ?’ ಎಂದು ಕೇಳಿದರೆ ಅರೆನಿದ್ದೆಯಲ್ಲಿ ಹೂಂ ಎನ್ನಬೇಡಿ, ಪೂರ್ಣ ಹೆಸರನ್ನು ನೀವೇ ಹೇಳಿ. ಕೈಗೆ ಕಟ್ಟಿದ ಪಟ್ಟಿಯನ್ನು ವುಝೂ ಮಾಡಲೆಂದು ಕತ್ತರಿಸಿ ತೆಗೆಯುವುದೂ ಬೇಡ. ಅದನ್ನು ಸ್ವಲ್ಪ ಸರಿಸಿದರೆ ಅಡಿಗೆ ನೀರು ಹೋಗುತ್ತದೆ.

ಹೆಂಗಸರು ಸಂಕೋಚದಿಂದ ತಪಾಸಣೆಯನ್ನೇ ಮುಂದೂಡುವುದುಂಟು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನ ಪ್ರಕಾರ, ಪುರುಷ ವೈದ್ಯರು ಮಹಿಳೆಯ ದೇಹಪರೀಕ್ಷೆ ಮಾಡುವಾಗ ಇನ್ನೊಬ್ಬ ಮಹಿಳೆ ಜೊತೆಗಿರುವುದು ರೋಗಿಯ ಹಕ್ಕು. ಅದನ್ನು ಕೇಳಿ ಪಡೆಯಿರಿ. ಇನ್ನು, ಗಂಡನೋ ಮಗನೋ ಉತ್ತರ ಹೇಳುವಾಗ ಮುಟ್ಟಿನ ಸಮಸ್ಯೆಯಂಥ ವಿಷಯ ನುಂಗಿಹೋಗುತ್ತದೆ. ಎರಡು ನಿಮಿಷ ನರ್ಸ್ ಜೊತೆ ಒಬ್ಬರೇ ಮಾತಾಡಬೇಕು ಎನ್ನಲು ನಾಚಬೇಕಿಲ್ಲ. ಕರಿಜೀರಿಗೆ ಎಣ್ಣೆ, ಹಕೀಮರ ಲೇಹ್ಯ, ಊರಿನ ಕಷಾಯ ಏನೇ ಸೇವಿಸುತ್ತಿದ್ದರೂ ಮುಚ್ಚಿಡಬೇಡಿ. ಆಪರೇಷನ್ ಇದ್ದರಂತೂ ಮೊದಲೇ ಹೇಳಿ.

ಸಕ್ಕರೆ ಕಾಯಿಲೆ ಇರುವವರು ಮುಂದಿನ ರಮಝಾನ್‌ಗೆ ಒಂದೆರಡು ತಿಂಗಳಿರುವಾಗಲೇ ಡಾಕ್ಟರನ್ನು ಕಂಡು, ‘ನಾನು ಉಪವಾಸ ಹಿಡಿಯಬೇಕೆಂದಿದ್ದೇನೆ, ಹಿಡಿಯಬಹುದೇ? ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಬೇಕೇ?’ ಎಂದು ಕೇಳಿ. ಪ್ರಮಾಣವನ್ನು ನೀವಾಗಿ ಬದಲಿಸಬೇಡಿ. ಉಪವಾಸದ ನಡುವೆ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಮುರಿಯಬೇಕೆಂಬುದು ತಜ್ಞರ ಸಲಹೆ. ಮಗ್ರಿಬ್‌ಗೆ ಇನ್ನು ಹತ್ತೇ ನಿಮಿಷ ಇದೆಯೆಂದು ಕಾಯುವುದು ಬೇಡ.