ನ್ಯಾಸ್ ಪೆಟ್ಟಿಗೆಯಲ್ಲಿ ಬೇಡದ ಸೇವೆಗಳೇಕೆ?

ಮದುವೆಯ ವಿಡಿಯೊ, ಪಹಣಿಯ ಸ್ಕ್ಯಾನ್ ಪ್ರತಿ, ಬೆಂಗಳೂರಿನ ಮಗಳು ಕಳಿಸಿದ ಮೊಮ್ಮಗನ ಫೋಟೊ. ಇವನ್ನೆಲ್ಲ ರೂಟರ್ ಪಕ್ಕದ ನ್ಯಾಸ್ ಪೆಟ್ಟಿಗೆಯಲ್ಲಿ (ಮನೆಯ ನೆಟ್‌ವರ್ಕ್‌ಗೆ ಜೋಡಿಸಿದ ಸಂಗ್ರಹ ಸಾಧನ) ತುಂಬಿಟ್ಟುಕೊಂಡ ಶಿಕಾರಿಪುರ, ಸೊರಬದ ಮನೆಯವರು ಒಮ್ಮೆ ಅದರ ಸೆಟ್ಟಿಂಗ್ಸ್ ತೆರೆದು ನೋಡುವುದು ಒಳ್ಳೆಯದು. ಯಾರೂ ಕೇಳದಿದ್ದರೂ ಓಡುತ್ತಿರುವ ಸೇವೆಗಳು ಅಲ್ಲಿ ಹಲವು ಸಿಗುತ್ತವೆ.

ಇಂಥ ಸೇವೆಗಳು ಪೆಟ್ಟಿಗೆಯ ವೇಗ ತಗ್ಗಿಸುವುದಷ್ಟೇ ಅಲ್ಲ, ಅಪಾಯವನ್ನೂ ತರಬಹುದು. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಎಷ್ಟೋ ಮೈ ಬುಕ್ ಲೈವ್ ಸಂಗ್ರಹ ಸಾಧನಗಳಲ್ಲಿದ್ದ ಮಾಹಿತಿಯನ್ನು ಕಿಡಿಗೇಡಿಗಳು ಇಂಟರ್ನೆಟ್ ಮೂಲಕವೇ ಅಳಿಸಿಹಾಕಿದರು. 2015ರ ನಂತರ ಅವುಗಳಿಗೆ ಒಂದು ಅಪ್‌ಡೇಟ್ ಕೂಡ ಬಂದಿರಲಿಲ್ಲ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ ಕ್ಯೂನ್ಯಾಪ್ ಕಂಪನಿಯ ನ್ಯಾಸ್ ಪೆಟ್ಟಿಗೆಗಳ ಕಡತಗಳಿಗೆ ಬೀಗ ಜಡಿದು, ಬಿಡಿಸಲು 0.03 ಬಿಟ್‌ಕಾಯಿನ್ ಕೇಳಿತು. ಆಗ ಕಂಪನಿ ಕೊಟ್ಟ ಸಲಹೆಗಳಲ್ಲಿ ಇವೂ ಇದ್ದವು: ಹೊರಗಿನಿಂದ ನ್ಯಾಸ್‌ಗೆ ದಾರಿ ಕೊಡುವ ರೂಟರ್‌ನ ಪೋರ್ಟ್ ಫಾರ್ವರ್ಡಿಂಗ್ ನಿಲ್ಲಿಸಿ, ಅಂಥ ದಾರಿಯನ್ನು ತಾನಾಗಿಯೇ ತೆರೆಯುವ ಯುಪಿಎನ್‌ಪಿಯನ್ನು ನ್ಯಾಸ್‌ನಲ್ಲಿ ಆಫ್ ಮಾಡಿ.

ಮೊದಲು ದೂರದಿಂದ ಆಜ್ಞೆ ಕೊಡುವ ಟೆಲ್‌ನೆಟ್, ಕಡತ ಸಾಗಿಸುವ ಎಫ್‌ಟಿಪಿ ಆಫ್ ಮಾಡಿ; ಎರಡೂ ಪಾಸ್‌ವರ್ಡನ್ನು ಮರೆಮಾಚದೆ ಸಾಗಿಸುತ್ತವೆ. 2017ರಲ್ಲಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹರಡಲು ದಾರಿಯಾದ, ಕಡತ ಹಂಚಿಕೆಯ ಹಳೆಯ ಪದ್ಧತಿ ಎಸ್‌ಎಂಬಿ 1 ಕೂಡ ಬೇಡ. ಟಿವಿಯಲ್ಲಿ ಸಿನಿಮಾ ನೋಡದಿದ್ದರೆ ಮೀಡಿಯಾ ಸರ್ವರ್ ಯಾಕೆ? ಅದು ಕಡತಗಳನ್ನು ಹುಡುಕಿ ಪಟ್ಟಿ ಮಾಡುತ್ತ ಡಿಸ್ಕಿಗೆ ನಿದ್ದೆ ಕೊಡುವುದಿಲ್ಲ.

ಹಾಗೆಂದು ಸಿಕ್ಕಿದ್ದೆಲ್ಲ ಆಫ್ ಮಾಡಬೇಡಿ. ಡಿಸ್ಕ್ ತಪಾಸಣೆ, ಸಮಯ ಹೊಂದಾಣಿಕೆ ಇರಲಿ. ಮಳೆಗಾಲದಲ್ಲಿ ಕರೆಂಟ್ ಕೈಕೊಡುವ ಊರುಗಳಲ್ಲಿ ಯುಪಿಎಸ್ ಸೇವೆಯಂತೂ ಇರಲೇಬೇಕು. ಬ್ಯಾಟರಿ ಮುಗಿಯುವ ಮುನ್ನ ಪೆಟ್ಟಿಗೆಯನ್ನು ಸರಿಯಾಗಿ ಆಫ್ ಮಾಡುವುದು ಅದೇ. ಬೇಡದ ಸೇವೆಗಳನ್ನು ಒಂದೊಂದೇ ಆಫ್ ಮಾಡಿ, ಎರಡು ದಿನ ನೋಡಿ. ಅದಕ್ಕೂ ಮುಂಚೆ ಇನ್ನೊಂದು ಹಾರ್ಡ್ ಡಿಸ್ಕಿಗೆ ಪ್ರತಿ ತೆಗೆದಿಟ್ಟುಕೊಳ್ಳಿ.