ಬೋವಾ ಸರ್ಪಗಳ ಸಾಕಣೆ: ಅದರ ಏಳು ಬೀಳುಗಳು

ಹಾವು ಎಂದೊಡನೆ ನಮ್ಮಲ್ಲಿ ಕೆಲವರಿಗೆ ನಾಗರಪಂಚಮಿಯ ಹಾಲು ನೆನಪಾಗುವುದು. ಮತ್ತೆ ಕೆಲವರಿಗೆ ಮೂಲೆಯಲ್ಲಿರುವ ದೊಣ್ಣೆ ನೆನಪಾಗುವುದು. ಪೂಜಿಸುವುದು ಇಲ್ಲವೆ ಹೊಡೆಯುವುದು, ಈ ಎರಡರ ನಡುವೆ ಮೂರನೆಯ ದಾರಿಯೊಂದುಂಟು. ಅದು ತಿಳಿದುಕೊಳ್ಳುವ ದಾರಿ. ವಿದ್ಯಾರ್ಥಿಗಳಾದವರು ಹಿಡಿಯಬೇಕಾದ ದಾರಿಯೂ ಅದೇ. ದೂರದ ಅಮೆರಿಕ ಖಂಡದ ಬೋವಾ ಎಂಬ ಹಾವನ್ನು ಮನುಷ್ಯರು ಪೆಟ್ಟಿಗೆಯಲ್ಲಿಟ್ಟು ಸಾಕಿ, ಮರಿ ಮಾಡಿಸಿ, ಅದರಿಂದ ಏನನ್ನು ಪಡೆದರು, ಏನನ್ನು ಕಳೆದರು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಬೋವಾ ಎಂದರೆ ಯಾವುದು?

ಸ್ವೀಡನ್ ದೇಶದ ಲಿನ್ನೇಯಸನು 1758ರಲ್ಲಿ ಈ ಹಾವಿಗೆ 'ಬೋವಾ ಕನ್‌ಸ್ಟ್ರಿಕ್ಟರ್' ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟನು. ಎರಡನೆಯ ಪದಕ್ಕೆ ಬಿಗಿದು ಅಮುಕುವುದು ಎಂದರ್ಥ. ಜನರು ಕರೆಯುವ ಹೆಸರೂ ಶಾಸ್ತ್ರಜ್ಞರು ಬರೆಯುವ ಹೆಸರೂ ಒಂದೇ ಆಗಿರುವ ಕೆಲವೇ ಪ್ರಾಣಿಗಳಲ್ಲಿ ಇದೊಂದು. ಮೆಕ್ಸಿಕೊದಿಂದ ಅರ್ಜೆಂಟೀನದವರೆಗೂ, ಕೆರಿಬಿಯನ್ ಸಮುದ್ರದ ಕೆಲವು ದ್ವೀಪಗಳಲ್ಲಿಯೂ ಬೋವಾಗಳು ಕಾಣಸಿಗುತ್ತವೆ. ಮಧ್ಯ ಅಮೆರಿಕದ ಬೋವಾಗಳನ್ನು ಈಗ ಅನೇಕ ವಿದ್ವಾಂಸರು ಬೇರೆಯೇ ಜಾತಿಯೆಂದು ಎಣಿಸುತ್ತಾರೆ. ಬೆಳೆದ ಹಾವು ಸಾಮಾನ್ಯವಾಗಿ 6ರಿಂದ 10 ಅಡಿ ಉದ್ದವಿರುತ್ತದೆ. ಹೆಣ್ಣು ಗಂಡಿಗಿಂತ ದೊಡ್ಡದು. ಇದಕ್ಕೆ ವಿಷವಿಲ್ಲ. ಬೇಟೆಯನ್ನು ಕಚ್ಚಿ ಹಿಡಿದು, ಸುತ್ತು ಹಾಕಿ, ಬಿಗಿದು ಕೊಲ್ಲುತ್ತದೆ. ಉಸಿರು ಕಟ್ಟಿಸಿ ಕೊಲ್ಲುವುದೆಂದು ಬಹುಕಾಲ ನಂಬಲಾಗಿತ್ತು. 2015ರಲ್ಲಿ ಅಮೆರಿಕದ ಡಿಕಿನ್ಸನ್ ಕಾಲೇಜಿನ ಸಂಶೋಧಕರು ಪ್ರಕಟಿಸಿದ ಪ್ರಯೋಗದಿಂದ ಬೇರೆ ಸಂಗತಿ ತಿಳಿದುಬಂದಿತು. ಬೋವಾದ ಬಿಗಿತಕ್ಕೆ ಸಿಕ್ಕ ಇಲಿಯ ರಕ್ತಸಂಚಾರವೇ ಕೆಲವು ಸೆಕೆಂಡುಗಳಲ್ಲಿ ನಿಂತುಹೋಗುತ್ತದೆ. ಉಸಿರು ಕಟ್ಟುವುದಕ್ಕೆ ಮೊದಲೇ ಅದರ ಕಥೆ ಮುಗಿದಿರುತ್ತದೆ.

ನಮ್ಮ ಹೆಬ್ಬಾವಿಗೂ ಬೋವಾಕ್ಕೂ ಹೊರನೋಟದಲ್ಲಿ ಸಾಮ್ಯವಿದೆ. ಆದರೆ ಒಂದು ಮುಖ್ಯ ಭೇದವನ್ನು ಮರೆಯಬಾರದು. ಹೆಬ್ಬಾವು ಮೊಟ್ಟೆಯಿಟ್ಟು, ಅದರ ಸುತ್ತ ಸುರುಳಿಯಾಗಿ ಮಲಗಿ ಕಾಯುತ್ತದೆ. ಬೋವಾ ಮೊಟ್ಟೆಗಳನ್ನು ಹೊಟ್ಟೆಯೊಳಗೇ ಇಟ್ಟುಕೊಂಡು, ಜೀವಂತ ಮರಿಗಳನ್ನು ಈಯುತ್ತದೆ. ಸಾಕುವವನ ಸುಖವೂ ಸಂಕಟವೂ ಈ ಒಂದು ಭೇದದಿಂದಲೇ ಹುಟ್ಟುತ್ತವೆ. ಮೊಟ್ಟೆಯಾದರೆ ತೆಗೆದು ಬೇರೆ ಪೆಟ್ಟಿಗೆಯಲ್ಲಿಟ್ಟು ಕಾವು ಕೊಡಬಹುದು, ಹಾಳಾದುದನ್ನು ಬೇರ್ಪಡಿಸಬಹುದು. ಬೋವಾದ ವಿಷಯದಲ್ಲಿ ತಾಯಿಯ ಹೊಟ್ಟೆಯೇ ಕಾವಿನ ಪೆಟ್ಟಿಗೆ. ಅಲ್ಲಿ ಏನು ನಡೆಯುತ್ತಿದೆ ಎಂಬುದು ಹೆರಿಗೆಯ ದಿನದವರೆಗೂ ಬಹುಮಟ್ಟಿಗೆ ಗುಟ್ಟು.

ಜೋಡಿ ಕೂಡಿಸುವ ಬಗೆ

ಬೋವಾಕ್ಕೆ ಸ್ವಂತವಾದ ಮೈಬಿಸಿಯಿಲ್ಲ. ಸುತ್ತಣ ಬಿಸಿಯಿಂದಲೇ ಅದರ ಬದುಕು ನಡೆಯಬೇಕು. ಆದುದರಿಂದ ಗೂಡಿನ ಒಂದು ಕೊನೆಯಲ್ಲಿ ಸುಮಾರು 31 ಡಿಗ್ರಿ ಸೆಂಟಿಗ್ರೇಡಿನ ಬಿಸಿ, ಇನ್ನೊಂದು ಕೊನೆಯಲ್ಲಿ 26 ಡಿಗ್ರಿಯ ತಂಪು ಇರುವಂತೆ ಏರ್ಪಡಿಸುತ್ತಾರೆ. ತನಗೆ ಬೇಕಾದ ಕಡೆಗೆ ಹಾವು ತಾನೇ ಹರಿದು ಹೋಗುತ್ತದೆ. ಚಳಿಗಾಲ ಬಂದೊಡನೆ ರಾತ್ರಿಯ ಬಿಸಿಯನ್ನು ಕೆಲವು ಡಿಗ್ರಿ ಇಳಿಸುತ್ತಾರೆ. ಕಾಡಿನಲ್ಲಿ ಋತು ಬದಲಾಗುವುದನ್ನು ಹಾವಿಗೆ ಹೀಗೆ ಪೆಟ್ಟಿಗೆಯಲ್ಲಿಯೇ ತಿಳಿಯಪಡಿಸುವುದು. ಆಗ ಗಂಡು ಆಹಾರ ಬಿಟ್ಟು ಹೆಣ್ಣನ್ನು ಹುಡುಕತೊಡಗುತ್ತದೆ. ಅದರ ಬಾಲದ ಬುಡದಲ್ಲಿ ಎರಡು ಸಣ್ಣ ಮುಳ್ಳುಗಳಿರುತ್ತವೆ. ಕೋಟ್ಯಂತರ ವರ್ಷಗಳ ಹಿಂದೆ ಹಾವಿನ ಪೂರ್ವಜರಿಗಿದ್ದ ಹಿಂಗಾಲುಗಳ ಅವಶೇಷಗಳಿವು. ಇವುಗಳಿಂದ ಹೆಣ್ಣಿನ ಮೈಯನ್ನು ಕೆರೆದು ಗಂಡು ತನ್ನ ಇಂಗಿತವನ್ನು ತಿಳಿಸುತ್ತದೆ. ಕಾಲು ಹೋದರೂ ಕಾಲಿನ ಕೆಲಸ ಪೂರ್ತಿ ಹೋಗಲಿಲ್ಲವೆನ್ನಬಹುದು.

ಇಲ್ಲಿ ಮೊದಲನೆಯ ಬೀಳು ಆತುರದಿಂದ ಬರುತ್ತದೆ. ಹೆಣ್ಣಿಗೆ ಮೂರು ನಾಲ್ಕು ವರ್ಷ ತುಂಬಿ ಮೈಗೂಡದೆ ಜೋಡಿ ಕೂಡಿಸಿದರೆ ತಾಯಿಗೂ ಕೇಡು, ಮರಿಗೂ ಕೇಡು. ಬಸುರಿಯಾದ ಹಾವು ತಿಂಗಳುಗಟ್ಟಲೆ ಬಹಳ ಕಡಿಮೆ ತಿನ್ನುತ್ತದೆ; ಎಷ್ಟೋ ವೇಳೆ ಏನನ್ನೂ ಮುಟ್ಟುವುದಿಲ್ಲ. ಮೊದಲೇ ಕೂಡಿಟ್ಟ ಕೊಬ್ಬಿನಿಂದಲೇ ಅದು ತನ್ನ ಜೀವವನ್ನೂ ಮರಿಗಳನ್ನೂ ಪೋಷಿಸಬೇಕು. ಹಾಗೆ ಕರಗಿದ ಮೈ ಮತ್ತೆ ತುಂಬಿಕೊಳ್ಳಲು ಒಂದು ವರ್ಷವಾದರೂ ಬೇಕು. ತಿಳಿದವರು ಎರಡು ವರ್ಷಕ್ಕೊಮ್ಮೆ ಮಾತ್ರ ಮರಿ ಮಾಡಿಸುತ್ತಾರೆ. ಲಾಭದ ಆಸೆಯಿಂದ ವರ್ಷವರ್ಷವೂ ಮರಿ ಬಯಸುವವನು ಕೊನೆಗೆ ತಾಯಿಯನ್ನೇ ಕಳೆದುಕೊಳ್ಳುತ್ತಾನೆ. ಹಟ್ಟಿಯಲ್ಲಿ ಹಸುವನ್ನು ಕಟ್ಟಿದ ನಮ್ಮ ಹಿರಿಯರಿಗೆ ಈ ಮಾತನ್ನು ಹೇಳಿಕೊಡಬೇಕಾಗಿರಲಿಲ್ಲ.

ಹೆರಿಗೆಯ ದಿನ

ಗರ್ಭಕಟ್ಟಿದ ಮೇಲೆ ಹಾವು ಒಮ್ಮೆ ಪೊರೆ ಕಳಚುತ್ತದೆ. ಸಾಕುವವರು ಆ ದಿನವನ್ನು ಗುರುತು ಹಾಕಿಕೊಂಡು, ಅಲ್ಲಿಂದ ಮೂರೂವರೆ ತಿಂಗಳಷ್ಟು ಎಣಿಸುತ್ತಾರೆ. ಆ ದಿನಗಳಲ್ಲಿ ತಾಯಿ ಬಿಸಿಯ ಮೂಲೆಯನ್ನು ಬಿಟ್ಟು ಕದಲುವುದು ಅಪರೂಪ. ಒಮ್ಮೊಮ್ಮೆ ಮೈಯ ಹಿಂಭಾಗವನ್ನು ಮಗುಚಿ, ಹೊಟ್ಟೆಯನ್ನೇ ಮೇಲಕ್ಕೆ ಮಾಡಿ ಮಲಗುವುದೂ ಉಂಟು. ಒಂದು ಸೂಲಿಗೆ ಹತ್ತರಿಂದ ಅರವತ್ತರವರೆಗೆ ಮರಿಗಳಾಗಬಹುದು. ಇಪ್ಪತ್ತೈದರ ಆಸುಪಾಸು ಸಾಮಾನ್ಯ. ಪ್ರತಿಯೊಂದು ಮರಿಯೂ ತೆಳುವಾದ ಪಾರದರ್ಶಕ ಚೀಲದೊಳಗೆ ಸುತ್ತಿಕೊಂಡು ಹೊರಬೀಳುತ್ತದೆ. ಮೂತಿಯಿಂದ ಚೀಲವನ್ನು ಹರಿದು ಮೊದಲ ಉಸಿರೆಳೆಯುತ್ತದೆ. ಹುಟ್ಟುವಾಗಲೇ ಒಂದೂವರೆ ಅಡಿಯಷ್ಟು ಉದ್ದ! ತಾಯಿ ಅವಕ್ಕೆ ಊಟ ತಂದುಕೊಡುವುದಿಲ್ಲ. ಒಂದೆರಡು ವಾರಗಳಲ್ಲಿ ಮೊದಲ ಪೊರೆ ಕಳಚಿ, ಮರಿಗಳು ತಮ್ಮ ಬೇಟೆಯನ್ನು ತಾವೇ ಹಿಡಿಯತೊಡಗುತ್ತವೆ.

ಎಲ್ಲ ಸೂಲುಗಳೂ ಇಷ್ಟು ಸುಸೂತ್ರವಾಗಿ ಆಗುವುದಿಲ್ಲ. ಮರಿಗಳ ನಡುವೆ ಹಳದಿ ಉಂಡೆಗಳಂಥ ಗೊಡ್ಡು ಮೊಟ್ಟೆಗಳು ಬೀಳುವುದುಂಟು. ಕೆಲವೊಮ್ಮೆ ಬರೀ ಅವೇ ಬೀಳುವುದೂ ಉಂಟು. ಬಸಿರಿನಲ್ಲಿ ಬಿಸಿ ಹೆಚ್ಚಾದರೆ ಅಥವಾ ತೀರ ಕಡಿಮೆಯಾದರೆ ಬೆನ್ನೆಲುಬು ಸೊಟ್ಟಗಾದ ಮರಿಗಳೂ ಸತ್ತ ಮರಿಗಳೂ ಹುಟ್ಟುತ್ತವೆ. ಒಂದು ರಾತ್ರಿ ವಿದ್ಯುತ್ತು ನಿಂತುಹೋದುದೋ, ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟು ಕೆಟ್ಟುದೋ ಸಾಕು, ನಾಲ್ಕು ವರ್ಷ ಕಾದ ಶ್ರಮ ನೀರಿನಲ್ಲಿ ಹೋಮವಾಗುತ್ತದೆ.

ಮೆಂಡೆಲನ ಲೆಕ್ಕ

ಜೀವಶಾಸ್ತ್ರದ ಪುಸ್ತಕದಲ್ಲಿ ಮೆಂಡೆಲನ ಬಟಾಣಿ ಗಿಡಗಳ ವಿಷಯವನ್ನು ಓದುತ್ತೇವಷ್ಟೆ. ಅದೇ ನಿಯಮ ಬೋವಾದಲ್ಲಿಯೂ ನಡೆಯುತ್ತದೆ. ಮೈಯಲ್ಲಿ ಕಪ್ಪು ಬಣ್ಣವೇ ಇಲ್ಲದ, ಬಿಳಿ, ಕಿತ್ತಳೆ, ಹಳದಿ ಬಣ್ಣಗಳ ಬೋವಾ ಅಪರೂಪಕ್ಕೆ ಹುಟ್ಟುತ್ತದೆ. ಈ ಗುಣ ಅಪ್ರಬಲವಾದುದು. ತಂದೆತಾಯಿಗಳಿಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣಿಸುವುದು. ಇಬ್ಬರೂ ನೋಡಲು ಸಾಧಾರಣ ಬಣ್ಣದವರಾಗಿ, ಒಳಗೆ ಈ ಗುಣವನ್ನು ಹೊತ್ತವರಾಗಿದ್ದರೆ ಏನಾಗುವುದು? 24 ಮರಿಗಳು ಹುಟ್ಟಿದವೆಂದು ಇಟ್ಟುಕೊಳ್ಳೋಣ. ಸರಾಸರಿ ಲೆಕ್ಕದಂತೆ 6 ಮರಿಗಳು ಬಿಳಿಚಾಗಿರುತ್ತವೆ. ಉಳಿದ 18 ಸಾಧಾರಣ ಬಣ್ಣದವು. ಅವುಗಳಲ್ಲಿ 12 ಗುಣವನ್ನು ಒಳಗೆ ಹೊತ್ತಿರುತ್ತವೆ, 6 ಹೊತ್ತಿರುವುದಿಲ್ಲ. ಆ ಹನ್ನೆರಡು ಯಾವುವು, ಈ ಆರು ಯಾವುವು ಎಂದು ಕಣ್ಣಿನಿಂದ ಹೇಳಲಾಗದು. ಇದು ಸರಾಸರಿಯ ಮಾತು. ಒಂದು ಸೂಲಿನಲ್ಲಿ ಆರರ ಬದಲು ಎರಡೇ ಆಗಬಹುದು, ಹತ್ತೂ ಆಗಬಹುದು. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಪ್ರತಿ ಬಾರಿಯೂ ಸರಿಯಾಗಿ ಐದೈದೇ ಬೀಳುವುದೆ?

ಅಪರೂಪದ ಬಣ್ಣಕ್ಕೆ ಮೊದಮೊದಲು ಭಾರಿ ಬೆಲೆ ಬಂದಿತು. ಆ ಬೆಲೆಯನ್ನು ಕಂಡು ಎಲ್ಲರೂ ಅದೇ ಬಣ್ಣವನ್ನು ಬೆಳೆಸಿದರು; ಅಪರೂಪ ಹೋಯಿತು, ಬೆಲೆಯೂ ಇಳಿಯಿತು. ಇದು ಅರ್ಥಶಾಸ್ತ್ರದ ಪಾಠ. ಬಣ್ಣವನ್ನು ಬೇಗ ಪಡೆಯುವುದಕ್ಕಾಗಿ ಅಣ್ಣತಂಗಿ ಹಾವುಗಳನ್ನೇ ಕೂಡಿಸಿದುದರಿಂದ ಕಣ್ಣಿಲ್ಲದ ಮರಿಗಳೂ ಅಶಕ್ತ ಮರಿಗಳೂ ಹುಟ್ಟಿದವು. ಇದು ಜೀವಶಾಸ್ತ್ರದ ಪಾಠ. ಹತ್ತಿರದ ರಕ್ತಸಂಬಂಧದಲ್ಲಿ ಒಳ್ಳೆಯ ಗುಣದಂತೆಯೇ ಅಡಗಿದ ದೋಷವೂ ಇಮ್ಮಡಿಯಾಗುತ್ತದೆ.

ತಂದೆಯಿಲ್ಲದ ಮರಿಗಳು

ಸಾಕಣೆಯಿಂದ ವಿಜ್ಞಾನಕ್ಕೆ ಲಾಭವೂ ಆಗಿದೆ. 2010ರಲ್ಲಿ ಅಮೆರಿಕದ ಸಂಶೋಧಕರು ಒಂದು ಹೆಣ್ಣು ಬೋವಾದ ಸಂಗತಿಯನ್ನು ಪ್ರಕಟಿಸಿದರು. ಗಂಡುಗಳು ಜೊತೆಯಲ್ಲಿದ್ದರೂ ಅದು ಎರಡು ಸೂಲುಗಳಲ್ಲಿ ತಂದೆಯಿಲ್ಲದೆಯೇ ಮರಿ ಮಾಡಿತ್ತು! ಎಲ್ಲವೂ ಹೆಣ್ಣು; ಎಲ್ಲಕ್ಕೂ ತಾಯಿಯ ಅಪರೂಪದ ಬಣ್ಣ. ವಂಶವಾಹಿಗಳ ಪರೀಕ್ಷೆಯಿಂದ ಯಾವ ಗಂಡಿನ ಪಾಲೂ ಇಲ್ಲವೆಂದು ಗೊತ್ತಾಯಿತು. ಆದರೆ ಎಲ್ಲ ಮರಿಗಳೂ ಹೆಣ್ಣೇ ಏಕಾದವು? ಹಾವುಗಳಲ್ಲಿ ಲಿಂಗವನ್ನು ನಿರ್ಧರಿಸುವ ಏರ್ಪಾಡು ಹಕ್ಕಿಗಳಂತೆಯೇ, ಅಂದರೆ ಹೆಣ್ಣಿನಲ್ಲಿ ಎರಡು ಬಗೆಯ ವರ್ಣತಂತುಗಳು ಎಂದು ಆಗ ತಿಳಿಯಲಾಗಿತ್ತು. ಅದಕ್ಕನುಗುಣವಾಗಿ, ಈ ಮರಿಗಳಲ್ಲಿ ಹಿಂದೆಂದೂ ಕಾಣದ ವಿಚಿತ್ರ ಜೋಡಿಯಿದೆಯೆಂದು ವಿವರಿಸಲಾಯಿತು. 2017ರಲ್ಲಿ ಮತ್ತೊಂದು ಸಂಶೋಧನೆ ಈ ತೊಡಕನ್ನು ಬಿಡಿಸಿತು. ಬೋವಾದ ಏರ್ಪಾಡು ಮನುಷ್ಯರಂತೆಯೇ. ಹೆಣ್ಣಿನಲ್ಲಿ ಎರಡು ಎಕ್ಸ್, ಗಂಡಿನಲ್ಲಿ ಒಂದು ಎಕ್ಸ್ ಒಂದು ವೈ. ತಾಯಿಯಲ್ಲಿ ಎಕ್ಸ್ ಮಾತ್ರವಿರುವುದರಿಂದ ತಾಯಿಯೊಬ್ಬಳಿಂದಲೇ ಹುಟ್ಟಿದವು ಹೆಣ್ಣಲ್ಲದೆ ಬೇರೇನು ಆದಾವು? ಮೊದಲು ವಿಚಿತ್ರವೆನಿಸಿದುದು ಆಮೇಲೆ ಸಹಜವಾಯಿತು. ವಿಜ್ಞಾನವು ಹೀಗೆ ತನ್ನ ಮಾತನ್ನು ತಾನೇ ತಿದ್ದಿಕೊಳ್ಳುತ್ತ ಮುನ್ನಡೆಯುತ್ತದೆ.

ಗೂಡಿಗೆ ಬಂದ ಮಾರಿ

ಸಾಕುವವರನ್ನು ಎಲ್ಲಕ್ಕಿಂತ ಹೆಚ್ಚಾಗಿ ನಡುಗಿಸಿದುದು ಒಂದು ರೋಗ. 1970ರ ದಶಕದಿಂದ ತಿಳಿದಿದ್ದ ಈ ರೋಗದಲ್ಲಿ ಹಾವು ತಿಂದುದನ್ನು ಕಕ್ಕುತ್ತದೆ, ತಲೆಯನ್ನು ಮೇಲಕ್ಕೆತ್ತಿ ಆಕಾಶ ನೋಡುವಂತೆ ಸೆಟೆದು ನಿಲ್ಲುತ್ತದೆ, ಮಗುಚಿ ಬಿದ್ದರೆ ತಿರುಗಿಕೊಳ್ಳಲಾರದು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದರೊಡನೆ ಅರೀನಾ ಬಳಗದ ವೈರಸ್ಸುಗಳ ಸಂಬಂಧವನ್ನು ತೋರಿಸಿದರು. ಇದಕ್ಕೆ ಮದ್ದಿಲ್ಲ. ನೋಡಲು ಆರೋಗ್ಯವಾಗಿರುವ ಬೋವಾವೇ ಬಹುಕಾಲ ರೋಗವನ್ನು ಹೊತ್ತಿರಬಹುದು. ತಾಯಿಯಿಂದ ಮರಿಗೂ ಅದು ದಾಟಬಹುದು. ಹೊಸ ಹಾವನ್ನು ತಂದವರು ತಿಂಗಳುಗಟ್ಟಲೆ ಪ್ರತ್ಯೇಕವಾಗಿ ಇಟ್ಟು ನೋಡದೆ ಹಳೆಯವುಗಳ ಜೊತೆ ಸೇರಿಸಿದರೆ, ವರ್ಷಗಳಿಂದ ಕಟ್ಟಿದ ಸಂಗ್ರಹವೆಲ್ಲ ಬರಿದಾಗಬಹುದು.

ದ್ವೀಪದ ಕಥೆ

ಈಗ ಪೆಟ್ಟಿಗೆಯಿಂದ ಹೊರಗೆ ನೋಡೋಣ. ಹೊಂಡುರಾಸ್ ದೇಶದ ಬಳಿಯ ಸಮುದ್ರದಲ್ಲಿ ಕಾಯೋಸ್ ಕೊಚಿನೋಸ್ ಎಂಬ ಸಣ್ಣ ದ್ವೀಪಗಳ ಗುಂಪಿದೆ. ಅಲ್ಲಿಯ ಬೋವಾ ಗಾತ್ರದಲ್ಲಿ ಚಿಕ್ಕದು, ಬಣ್ಣದಲ್ಲಿ ಮಾಸಲು ಗುಲಾಬಿ. ಆ ಚೆಲುವೇ ಅದಕ್ಕೆ ಮುಳುವಾಯಿತು. 1970, 1980ರ ದಶಕಗಳಲ್ಲಿ ಮಾರಾಟಕ್ಕೆಂದು ಅವನ್ನು ಹಿಡಿದು ಸಾಗಿಸಿದರು. ಕೊನೆಗೆ ದ್ವೀಪದಲ್ಲಿ ಹುಡುಕಿದರೂ ಹಾವು ಸಿಗದಂತಾಯಿತು. ಅದೇ ಹೊತ್ತಿನಲ್ಲಿ ಅಮೆರಿಕದ ಗೂಡುಗಳಲ್ಲಿ ಅವುಗಳ ಮರಿಗಳು ಹೆಚ್ಚುತ್ತಿದ್ದವು! 1993ರಲ್ಲಿ ದ್ವೀಪಗಳಿಗೆ ರಕ್ಷಣೆ ದೊರೆಯಿತು. ಉಳಿದ ಕೆಲವೇ ಹಾವುಗಳಿಂದ ಸಂತತಿ ಮೆಲ್ಲಮೆಲ್ಲನೆ ಚಿಗುರಿತು. ಗೂಡಿನಲ್ಲಿ ಬೆಳೆದವನ್ನು ತಂದು ಬಿಡಬಹುದಲ್ಲ ಎಂದು ಕೇಳಬಹುದು. ಗೂಡಿನ ಹಾವುಗಳಲ್ಲಿ ಎಷ್ಟೋ ಬೇರೆ ಊರಿನ ಬೋವಾಗಳೊಡನೆ ಬೆರೆತಿವೆ. ಮೇಲೆ ಹೇಳಿದ ರೋಗವೂ ಅವುಗಳ ಜೊತೆಗೇ ದ್ವೀಪಕ್ಕೆ ಬಂದೀತು. ಕಾಡನ್ನು ಬರಿದು ಮಾಡಿ ಗೂಡನ್ನು ತುಂಬುವುದು ಸುಲಭ. ಗೂಡಿನಿಂದ ಕಾಡನ್ನು ತುಂಬುವುದು ಬಲು ಕಷ್ಟ.

ಇದಕ್ಕೆ ವಿರುದ್ಧವಾದ ಅನರ್ಥವೂ ನಡೆದಿದೆ. ಮೆಕ್ಸಿಕೊದ ಕೊಸುಮೆಲ್ ದ್ವೀಪಕ್ಕೆ 1971ರಲ್ಲಿ ಹೊರಗಿನಿಂದ ಬಂದ ಬೋವಾಗಳು ಅಲ್ಲಿಯೇ ಬೇರೂರಿದವು. ಅರೂಬಾ ದ್ವೀಪದಲ್ಲಿ 1999ರಲ್ಲಿ ಮೊದಲು ಕಾಣಿಸಿಕೊಂಡು, ಅಲ್ಲಿಯ ಹಕ್ಕಿಗಳಿಗೂ ಹಲ್ಲಿಗಳಿಗೂ ಹೊಸ ಶತ್ರುವಾದವು. ಒಂದೆಡೆ ಇಲ್ಲವಾಗುವುದು ಎಷ್ಟು ಕೇಡೋ, ಸಲ್ಲದೆಡೆ ತುಂಬಿಕೊಳ್ಳುವುದೂ ಅಷ್ಟೇ ಕೇಡು.

ನಮ್ಮ ನಾಡಿನ ನಂಟು

ಇಂಥದೇ ಕಥೆಯೊಂದು ನಮ್ಮ ಮನೆಯ ಬಳಿಯಲ್ಲಿಯೂ ನಡೆಯುತ್ತಿದೆ. ಕರ್ನಾಟಕದ ಹೊಲಗಳಲ್ಲಿ ಮಣ್ಣುಮುಕ್ಕ ಎಂಬ ಸಾಧು ಹಾವಿದೆ. ಮಹಾರಾಷ್ಟ್ರದಲ್ಲಿ ಅದಕ್ಕೆ ಮಾಂಡೂಳ ಎನ್ನುತ್ತಾರೆ. ಬೋವಾಗಳ ದಾಯಾದಿಯಾದ ಅದೂ ಜೀವಂತ ಮರಿಗಳನ್ನೇ ಈಯುತ್ತದೆ. ಮೊಂಡಾದ ಬಾಲವನ್ನು ಕಂಡು ಜನ ಅದನ್ನು ಎರಡು ತಲೆಯ ಹಾವೆಂದರು; ಮನೆಯಲ್ಲಿಟ್ಟರೆ ಐಶ್ವರ್ಯ ಬರುವುದೆಂಬ ಸುಳ್ಳನ್ನೂ ಹಬ್ಬಿಸಿದರು. ಅದನ್ನು ನಂಬಿ ಕಳ್ಳ ವ್ಯಾಪಾರಿಗಳು ಈ ಬಡ ಜೀವಿಯನ್ನು ಹಿಡಿದು ಮಾರುತ್ತಾರೆ. ಹೊಲದ ಇಲಿಯನ್ನು ತಿಂದು ರೈತನ ಕಾಳನ್ನು ಉಳಿಸುವುದೇ ಅದು ತರುವ ನಿಜವಾದ ಐಶ್ವರ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇದನ್ನಾಗಲಿ ಹೆಬ್ಬಾವನ್ನಾಗಲಿ ಹಿಡಿಯುವುದೂ ಸಾಕುವುದೂ ಅಪರಾಧ. ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದ ಬೋವಾದಂಥ ಪರದೇಶದ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕೆಂದೂ, ಮರಿಯಾದರೆ ತಿಳಿಸಬೇಕೆಂದೂ 2022ರ ತಿದ್ದುಪಡಿ ವಿಧಿಸಿದೆ.

ಫಿಲಡೆಲ್ಫಿಯಾ ನಗರದ ಮೃಗಾಲಯದಲ್ಲಿದ್ದ ಬೋವಾ ಒಂದು 40 ವರ್ಷ ಬಾಳಿ 1977ರಲ್ಲಿ ಸತ್ತಿತು. ಇಂದು ಅಂಗೈಯಲ್ಲಿ ಸುತ್ತಿಕೊಂಡಿರುವ ಮರಿಯ ಹೊಣೆ ಹೊತ್ತವನು ನಾಳೆ ಹತ್ತು ಅಡಿಯ ಹಾವಿನ ಹೊಣೆಯನ್ನೂ, ಕೆಲವು ದಶಕಗಳ ಹೊಣೆಯನ್ನೂ ಹೊತ್ತಂತಾಯಿತು. ಸಾಕಣೆಯ ಏಳುಗಳನ್ನು ಎಣಿಸುವಾಗ ಬೀಳುಗಳನ್ನೂ ಎಣಿಸಬೇಕು. ಆ ಲೆಕ್ಕದಲ್ಲಿ ಸಾಕುವವನ ಹಣದ ಜೊತೆಗೆ ಹಾವಿನ ಬದುಕನ್ನೂ, ಅದು ಬಿಟ್ಟು ಬಂದ ಕಾಡನ್ನೂ ಬರೆದುಕೊಳ್ಳಬೇಕು. ರಜೆಯಲ್ಲಿ ಊರಿಗೆ ಹೋದಾಗ ಹೊಲದ ಬದುವಿನಲ್ಲಿ ಮಣ್ಣುಮುಕ್ಕ ಕಂಡರೆ ದೂರ ನಿಂತು ನೋಡೋಣ, ದೊಣ್ಣೆ ಎತ್ತಿದವರಿಗೆ ನಾಲ್ಕು ಮಾತು ತಿಳಿಯ ಹೇಳೋಣ, ಅದನ್ನು ಅದರ ಪಾಡಿಗೆ ಬಿಟ್ಟು ಬರೋಣ.