ಬೇಸಿಗೆಯಲ್ಲಿ ಮನೆಮಂದಿಗೆ ತಂಪು: ಬಂಗಾರಪೇಟೆ–ಕೆ.ಜಿ.ಎಫ್. ಭಾಗಕ್ಕೆ ಹೊಂದುವ ಕ್ರಮಗಳು

ಏಪ್ರಿಲ್ ತಿಂಗಳ ಮಧ್ಯಾಹ್ನ ಬಂಗಾರಪೇಟೆ ಸುತ್ತಿನ ಯಾವುದಾದರೂ ರೇಷ್ಮೆ ಬೆಳೆಗಾರರ ಮನೆಗೆ ಹೋದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹುಳು ಸಾಕುವ ಮನೆಯ ಕಿಟಕಿಗಳಿಗೆ ಒದ್ದೆ ಗೋಣಿತಾಟು ಕಟ್ಟಿರುತ್ತದೆ, ಛಾವಣಿಯ ಮೇಲೆ ತೆಂಗಿನ ಗರಿ ಹೊದಿಸಿರುತ್ತದೆ, ಗೋಡೆಯಲ್ಲಿ ಒಣ ಮತ್ತು ಒದ್ದೆ ಬಲ್ಬಿನ ಉಷ್ಣಮಾಪಕ ತೂಗುತ್ತಿರುತ್ತದೆ. ಅದೇ ಅಂಗಳದ ಆಚೆ ಬದಿಯಲ್ಲಿ, ಸಿಮೆಂಟ್ ಶೀಟಿನ ಕೆಳಗೆ, ಎಲ್ಲ ಕಿಟಕಿಗಳನ್ನೂ ತೆರೆದು ಬಿಸಿಗಾಳಿ ನುಗ್ಗುತ್ತಿರುವ ಕೋಣೆಯಲ್ಲಿ ಮಕ್ಕಳೂ ಅಜ್ಜಿಯೂ ಬೆವರುತ್ತ ಮಲಗಿರುತ್ತಾರೆ. ಬಲಿತ ಹುಳುವಿಗೆ 24 ರಿಂದ 26 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಇರಬೇಕೆಂದು ನಾವೇ ಹೇಳಿಕೊಟ್ಟಿದ್ದೇವೆ. ರೈತರೂ ಅದನ್ನು ಶ್ರದ್ಧೆಯಿಂದ ಪಾಲಿಸುತ್ತಿದ್ದಾರೆ. ಹುಳುವಿಗೆ ಮಾಡಿದ ಏರ್ಪಾಡಿನ ಅರ್ಧದಷ್ಟನ್ನು ಮನೆಮಂದಿಗೆ ಮಾಡಿದರೂ ಬೇಸಿಗೆಯ ಕಷ್ಟ ಬಹಳ ಮಟ್ಟಿಗೆ ತಗ್ಗುತ್ತದೆ. ಅದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಒಣ ಹವೆಯ ಅನುಕೂಲ

ನಮ್ಮ ಈ ಭಾಗ ಸಮುದ್ರ ಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಉಷ್ಣತೆ ಸಾಮಾನ್ಯವಾಗಿ 35 ರಿಂದ 37 ಡಿಗ್ರಿಯವರೆಗೆ ಏರಿದರೂ ಬೆಳಗಿನ ಜಾವಕ್ಕೆ 22 ಡಿಗ್ರಿಯ ಸುಮಾರಿಗೆ ಇಳಿಯುತ್ತದೆ. ಕರಾವಳಿಯವರಿಗೆ ಈ ಭಾಗ್ಯವಿಲ್ಲ. ಅಲ್ಲಿ ರಾತ್ರಿಯೂ ಸೆಕೆ ಇಳಿಯುವುದಿಲ್ಲ, ಹಚ್ಚಿಕೊಂಡ ನೀರು ಆರುವುದೂ ಇಲ್ಲ.

ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋ ಕ್ಯಾಲರಿ ಶಾಖ ಬೇಕು. ಅಂದರೆ ಏಳೂವರೆ ಲೀಟರಿನಷ್ಟು ತಣ್ಣೀರನ್ನು ಕುದಿಸಲು ಬೇಕಾಗುವಷ್ಟು. ಹವೆ ಒಣಗಿದ್ದಷ್ಟೂ ಈ ಕೆಲಸ ಚುರುಕಾಗಿ ನಡೆಯುತ್ತದೆ. ಉಷ್ಣತೆ 36 ಡಿಗ್ರಿ, ತೇವಾಂಶ ಶೇಕಡಾ 25 ಇರುವ ಮಧ್ಯಾಹ್ನ ಒದ್ದೆ ಬಲ್ಬು ಸುಮಾರು 21–22 ಡಿಗ್ರಿ ತೋರಿಸುತ್ತದೆ. ಒದ್ದೆ ಬಟ್ಟೆಗೆ ಗಾಳಿ ತಾಗಿದರೆ ಅಷ್ಟರಮಟ್ಟಿಗೆ ತಣ್ಣಗಾಗಲು ಅವಕಾಶವಿದೆ ಎಂದು ಇದರ ಅರ್ಥ. ತೇವಾಂಶ ಶೇಕಡಾ 60ಕ್ಕೆ ಏರಿತೆಂದರೆ ಅದೇ ಒದ್ದೆ ಬಲ್ಬು 29 ಡಿಗ್ರಿ ದಾಟುತ್ತದೆ. ಆಗ ಗೋಣಿತಾಟೂ ಕೂಲರೂ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ, ಮೈಯ ಬೆವರೂ ಸುಲಭವಾಗಿ ಆರುವುದಿಲ್ಲ.

ಒದ್ದೆ ಶಾಖ ಎಷ್ಟು ಕ್ರೂರವೆಂಬುದು ಕೆ.ಜಿ.ಎಫ್.ನ ಹಿರಿಯರಿಗೆ ಚೆನ್ನಾಗಿ ಗೊತ್ತು. 2001ರಲ್ಲಿ ಮುಚ್ಚಿದ ಈ ಗಣಿಗಳಲ್ಲಿ ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಉಷ್ಣತೆಯೇ 60 ಡಿಗ್ರಿ ಮೀರಿತ್ತು. ಅದರ ಜೊತೆಗೆ ಧೂಳು ಅಡಗಿಸಲು ಬಳಸುವ ನೀರಿನ ತೇವ. ಕೆಲಸದ ನಡುವೆ ಕುಸಿದು ಬೀಳುವವರ ಸಮಸ್ಯೆಯನ್ನು ಕುರಿತು ಎ. ಕ್ಯಾಪ್ಲನ್ ಎಂಬ ವೈದ್ಯರು 1944ರಲ್ಲಿ ಬ್ರಿಟನ್ನಿನ ಗಣಿಗಾರಿಕೆಯ ಪತ್ರಿಕೆಯೊಂದರಲ್ಲಿ ವಿವರವಾದ ಲೇಖನ ಬರೆದಿದ್ದರು. ಗಣಿಯಿಂದ ನಾವು ತಿಳಿಯಬೇಕಾದ್ದು ಇಷ್ಟೆ: ಒದ್ದೆ ಮಾಡಿದ ಹವೆಗೆ ಹೊರಹೋಗಲು ದಾರಿ ಇರಲೇಬೇಕು.

ಮೊದಲು ಛಾವಣಿ

ನಾವಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ನೇರಕ್ಕೇ ಬರುತ್ತಾನೆ. ಆದುದರಿಂದ ಗೋಡೆಗಳಿಗಿಂತ ಛಾವಣಿಯೇ ಹೆಚ್ಚು ಶಾಖ ಹೀರುತ್ತದೆ. ಫ್ಯಾನಿಗೋ ಕೂಲರಿಗೋ ಹಣ ಹಾಕುವ ಮೊದಲು ಛಾವಣಿಯನ್ನು ನೋಡಿಕೊಳ್ಳುವುದು ಲಾಭಕರ.

ತಾರಸಿ ಅಥವಾ ಕಲ್ಲು ಚಪ್ಪಡಿಯ ಮನೆಯಾದರೆ ಸುಣ್ಣ ಬಳಿಯುವುದೇ ಅಗ್ಗದ ಉಪಾಯ. ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು 5 ಲೀಟರ್ ನೀರು ಸೇರಿಸಿ ಒಂದು ರಾತ್ರಿ ನೆನೆಯಬಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಅಥವಾ ಗಟ್ಟಿ ಗಂಜಿ ಬೆರೆಸಬೇಕು. ಗುಡಿಸಿ ತೊಳೆದ ತಾರಸಿಗೆ ಎರಡು ಕೈ ಬಳಿದರೆ ಮಳೆಗಾಲದವರೆಗೆ ನಿಲ್ಲುತ್ತದೆ. ಸುಣ್ಣ ಅರಳುವಾಗ ಕುದಿದು ಸಿಡಿಯುತ್ತದೆ. ಮಕ್ಕಳನ್ನು ದೂರವಿಡಬೇಕು, ಬಳಿಯುವವರು ಕಣ್ಣುಗಳನ್ನು ಕಾಪಾಡಿಕೊಳ್ಳಬೇಕು. ವಿಸ್ತರಣಾ ಕಾರ್ಯಕರ್ತರು ಹಳ್ಳಿಯಲ್ಲಿ ಒಂದೇ ತಾರಸಿಯ ಅರ್ಧಕ್ಕೆ ಸುಣ್ಣ ಬಳಿಸಿ, ಮಧ್ಯಾಹ್ನ ಎರಡು ಗಂಟೆಗೆ ಜನರಿಂದ ಎರಡೂ ಕಡೆ ಅಂಗೈ ಮುಟ್ಟಿಸಿ ನೋಡಲಿ. ಆಮೇಲೆ ಭಾಷಣ ಬೇಕಾಗುವುದಿಲ್ಲ.

ತಗಡಿನ ಛಾವಣಿಗೆ ಮಾತ್ರ ಸುಣ್ಣ ಬೇಡ. ಸುಣ್ಣದ ಕ್ಷಾರ ಸತುವಿನ ಲೇಪವನ್ನು ತಿನ್ನುತ್ತದೆ, ಬೇಗ ಉದುರಿಯೂ ಹೋಗುತ್ತದೆ. ತಗಡಿಗೆ ಹೊಂದುವ ಬಿಳಿ ಬಣ್ಣ ಹಚ್ಚಬಹುದು, ಇಲ್ಲವೆ ಒಂದು ಗೇಣು ಎತ್ತರಕ್ಕೆ ಕಂಬಿ ಕಟ್ಟಿ ತೆಂಗಿನ ಗರಿ ಹೊದಿಸಬಹುದು. ಗರಿಗೂ ತಗಡಿಗೂ ನಡುವೆ ಗಾಳಿಯಾಡುವ ಸಂದು ಇರುವುದು ಮುಖ್ಯ. ಗರಿಗೆ ಬದಲಾಗಿ ರಾಗಿ ಹುಲ್ಲು ಹಾಸುವ ರೂಢಿ ಕೆಲವೆಡೆ ಇದೆ. ಅಡಿಗೆಮನೆಯ ಹೊಗೆಗೂಡು ಹತ್ತಿರವಿದ್ದರೆ ಆ ಸಾಹಸ ಬೇಡ. ಹಳೆಯ ಕಲ್ನಾರು ಶೀಟುಗಳನ್ನು ಉಜ್ಜುವುದಾಗಲಿ ಕೊರೆಯುವುದಾಗಲಿ ಮಾಡಬಾರದು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಅವುಗಳ ಮೇಲೆ ಕಾಲಿಡಲೂಬಾರದು, ಮುರಿದು ಬಿದ್ದಾರು.

ಕೆ.ಜಿ.ಎಫ್.ನ ಗಣಿ ಲೈನುಗಳ ಮನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಪುಟ್ಟ ಕೋಣೆ, ತಗ್ಗಾದ ಛಾವಣಿ. ದುಡಿಯುವವರು ಬೆಳಗ್ಗೆಯೇ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಾರೆ. ಹಗಲೆಲ್ಲ ಆ ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಗಣಿ ಧೂಳಿನಿಂದ ಮೊದಲೇ ಎದೆ ಸೋತ ಹಿರಿಯರಿಗೆ ಬಿಸಿಲು ಇನ್ನೊಂದು ಹೊರೆ. ಅಂಥ ಮನೆಗಳ ಮುಂದೆ ನಾಲ್ಕು ಗಳು ನೆಟ್ಟು ಗರಿಯ ಚಪ್ಪರ ಹಾಕಿದರೂ ಒಳಗಿನ ಬೇಗೆ ಇಳಿಯುತ್ತದೆ.

ಹಗಲು ಮುಚ್ಚಿ, ರಾತ್ರಿ ತೆರೆಯಿರಿ

ಸೆಕೆಯಾದಾಗ ಕಿಟಕಿ ತೆರೆಯುವುದು ನಮ್ಮೆಲ್ಲರ ಅಭ್ಯಾಸ. ಆದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾಗಿರುವಾಗ ಕಿಟಕಿ ತೆರೆದರೆ ಶಾಖವನ್ನು ನಾವೇ ಕರೆದುಕೊಂಡಂತೆ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಬಿಸಿಲು ಬೀಳುವ ಕಿಟಕಿಗಳನ್ನು ಮುಚ್ಚಿ ಪರದೆ ಎಳೆಯಬೇಕು. ಸಂಜೆ ಹೊರಗೆ ತಂಪಾದ ಕೂಡಲೇ ಎದುರುಬದುರಿನ ಕಿಟಕಿ, ಬಾಗಿಲು, ಬೆಳಕಿಂಡಿ ಎಲ್ಲವನ್ನೂ ತೆರೆದು ರಾತ್ರಿಯೆಲ್ಲ ಗಾಳಿಯಾಡಿಸಬೇಕು. ದಪ್ಪ ಮಣ್ಣುಗೋಡೆ, ಕಲ್ಲುಗೋಡೆಗಳು ರಾತ್ರಿಯ ತಂಪನ್ನು ಹಿಡಿದಿಟ್ಟುಕೊಂಡು ಮಾರನೆಯ ಮಧ್ಯಾಹ್ನದವರೆಗೆ ಕೊಡುತ್ತವೆ. ಶೀಟಿನ ಮನೆಗೆ ಈ ಗುಣವಿಲ್ಲ. ಮಧ್ಯಾಹ್ನ ಅದು ಹೊರಗಿಗಿಂತಲೂ ಬಿಸಿಯಾಗುವುದರಿಂದ ಮುಚ್ಚಿ ಕೂರುವುದು ತಪ್ಪು. ಮನೆಮಂದಿ ಹೊಂಗೆ ಮರದ ಕೆಳಗೋ ದನದ ಚಪ್ಪರದ ಪಕ್ಕದಲ್ಲೋ ಹೊತ್ತು ಕಳೆಯುವುದೇ ಮೇಲು. ಒಲೆ ಉರಿಸುವ ಕೆಲಸವನ್ನು ಬೆಳಗ್ಗೆ ಎಂಟರೊಳಗೆ ಮುಗಿಸಿಕೊಂಡರೆ ಒಳಗಿನ ಶಾಖ ಅಷ್ಟು ಕಡಿಮೆ. ಮನೆಯವರೆಲ್ಲರ ಪೈಕಿ ಹೆಚ್ಚು ಬೇಯುವವರು ಅಡಿಗೆಮನೆಯಲ್ಲಿರುವ ಹೆಣ್ಣುಮಕ್ಕಳು ಎಂಬುದನ್ನು ಗಂಡಸರು ಸಾಮಾನ್ಯವಾಗಿ ಮರೆಯುತ್ತಾರೆ.

ಒದ್ದೆ ಗೋಣಿತಾಟನ್ನು ಗಾಳಿ ಬರುವ ಕಡೆಯ ಕಿಟಕಿಗೆ ಮಾತ್ರ ಕಟ್ಟಿ, ಎದುರು ಬದಿಯ ಕಿಟಕಿಯನ್ನು ತೆರೆದಿಡಬೇಕು. ಕೂಲರಿಗೂ ಇದೇ ನಿಯಮ: ಅದರ ಬೆನ್ನು ಹೊರಗಿನ ಹವೆಗೆ ಇರಬೇಕು, ಕೋಣೆಯ ಇನ್ನೊಂದು ಕಡೆ ತೆರೆದಿರಬೇಕು. ಕೋಣೆಯನ್ನು ಭದ್ರವಾಗಿ ಮುಚ್ಚಿ ನಡುವೆ ಕೂಲರ್ ಇಟ್ಟವರು ಅರ್ಧ ಗಂಟೆಯಲ್ಲಿ ಅಂಟಂಟಾಗಿ, ಯಂತ್ರ ಕೆಟ್ಟಿತೆಂದು ದೂರುತ್ತಾರೆ. ಕೆಟ್ಟಿರುವುದು ಯಂತ್ರವಲ್ಲ. ಕೂಲರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಪೂರ್ತಿ ಬರಿದು ಮಾಡಿ ಉಜ್ಜಬೇಕು, ಇಲ್ಲದಿದ್ದರೆ ಡೆಂಗೆ ಹರಡುವ ಸೊಳ್ಳೆ ಅದರಲ್ಲೇ ಬೆಳೆಯುತ್ತದೆ.

ನೀರಿನ ಬರ ಇರುವ ಜಿಲ್ಲೆಯಲ್ಲಿ ಹೀಗೆ ಹೇಳಬಹುದೇ ಎಂದು ಕೆಲವರು ಕೇಳಿಯಾರು. ಒಂದು ಕಿಟಕಿಯ ತಾಟಿಗೆ ದಿನಕ್ಕೆ ಬೇಕಾಗುವುದು ಕೆಲವೇ ಬಿಂದಿಗೆ ನೀರು. ಅಕ್ಕಿ, ತರಕಾರಿ ತೊಳೆದ ನೀರೂ ಆಗುತ್ತದೆ. ಬಿಸಿಲಿನಲ್ಲಿ ಅಂಗಳಕ್ಕೆಲ್ಲ ನೀರು ಎರಚುವುದು ಮಾತ್ರ ವ್ಯರ್ಥ, ಎರಚುವುದಾದರೆ ಸಂಜೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಜಿಲ್ಲೆಯ ಕೆರೆಗಳಿಗೆ ಬರುತ್ತಿರುವ ನೀರು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಅದು ಅಂತರ್ಜಲ ತುಂಬಲೆಂದು ಇರುವುದು. ಅದನ್ನು ಕೂಲರಿಗೆ ತುಂಬುವುದಾಗಲಿ, ಮಕ್ಕಳು ಅದರಲ್ಲಿ ಆಡುವುದಾಗಲಿ ಸಲ್ಲದು.

ಕೃಷಿ ಹೊಂಡದ ಅಪಾಯ

ಆಟದ ಮಾತು ಬಂದದ್ದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಶಾಲೆಗೆ ರಜೆ, ಮೈ ಸುಡುವ ಬಿಸಿಲು, ತೋಟದಲ್ಲಿ ತುಂಬಿದ ಕೃಷಿ ಹೊಂಡ. ಮಕ್ಕಳು ಈಜಲು ಇಳಿಯುವುದು ಸಹಜ. ಆದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡ ಕೆರೆಯಂತಲ್ಲ. ನಾಲ್ಕು ಕಡೆಯೂ ಕಡಿದಾದ ಇಳಿಜಾರು, ಪಾಚಿ ಕಟ್ಟಿದ ನುಣುಪಾದ ಹಾಳೆ. ಒಳಗೆ ಜಾರಿದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ; ಈಜು ಬಲ್ಲ ದೊಡ್ಡವರೂ ಮೇಲೆ ಹತ್ತಲಾರದೆ ಸಾಯುತ್ತಾರೆ, ಒಬ್ಬನನ್ನು ಎತ್ತಲು ಹೋದ ಇನ್ನೊಬ್ಬನೂ ಸಾಯುತ್ತಾನೆ. ಹೊಂಡ ತೋಡಿರಿ ಎಂದು ರೈತರಿಗೆ ಸಲಹೆ ಕೊಟ್ಟವರು ನಾವು. ಬೇಲಿಯನ್ನೂ ಸೇರಿಸಿಯೇ ಸಲಹೆ ಕೊಡುವುದು ನಮ್ಮ ಹೊಣೆ.

ಹೊಂಡದ ಸುತ್ತ ಮಕ್ಕಳು ನುಸುಳಲಾರದಂಥ ಬೇಲಿ ಮತ್ತು ಬೀಗದ ಗೇಟು ಇರಬೇಕು. ಎರಡು ಬದಿಗಳಲ್ಲಿ ದಪ್ಪ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ದಡದ ಗೂಟಕ್ಕೆ ಬಿಗಿದು, ನೀರಿನ ತಳದವರೆಗೆ ಇಳಿಬಿಡಬೇಕು. ಗಾಳಿ ತುಂಬಿದ ಹಳೆಯ ಲಾರಿ ಟ್ಯೂಬೊಂದನ್ನು ಹಗ್ಗ ಕಟ್ಟಿ ದಡದಲ್ಲೇ ಇಡಬೇಕು. ಯಾರಾದರೂ ಮುಳುಗುತ್ತಿದ್ದರೆ ಹಿಂದೆ ಹಾರದೆ ಟ್ಯೂಬನ್ನೋ ಹಗ್ಗವನ್ನೋ ಎಸೆಯಬೇಕೆಂದು ಮಕ್ಕಳಿಗೆ ಮೊದಲೇ ಕಲಿಸಿರಬೇಕು. ಕೈಬಿಟ್ಟ ಕಲ್ಲುಗಣಿಗಳ ನೀರಿಗೂ ಮಕ್ಕಳನ್ನು ಬಿಡಬಾರದು.

ನೀರಾಟ ಬೇಡವೆಂದರೆ ಮಕ್ಕಳು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಕೊಳವೆ ಬಾವಿಯ ನೀರು ಬೀಳುವ ಮೊಣಕಾಲುದ್ದದ ತೊಟ್ಟಿಯಲ್ಲಿ, ದೊಡ್ಡವರೊಬ್ಬರು ಪಕ್ಕದಲ್ಲೇ ಇದ್ದು, ಸಂಜೆ ಒಂದಿಷ್ಟು ಹೊತ್ತು ಆಡಲಿ. ಆ ನೀರು ಹೇಗಿದ್ದರೂ ಹಿಪ್ಪುನೇರಳೆಗೋ ಟೊಮ್ಯಾಟೊಗೋ ಹರಿದುಹೋಗುತ್ತದೆ. ಸ್ಟಾರ್ಟರ್ ಪೆಟ್ಟಿಗೆಯ ಹತ್ತಿರ ಒದ್ದೆ ಕೈಯಲ್ಲಿ ಸುಳಿಯದಂತೆ ನೋಡಿಕೊಂಡರಾಯಿತು.

ಕುಡಿಯಲು, ಉಣ್ಣಲು

ಮಣ್ಣಿನ ಹೂಜಿಯೂ ಒದ್ದೆ ತಾಟಿನ ತತ್ತ್ವದಲ್ಲೇ ಕೆಲಸ ಮಾಡುತ್ತದೆ. ಅದನ್ನು ಮೂಲೆಯಲ್ಲಿ ಬಚ್ಚಿಡದೆ, ನೆರಳಿನಲ್ಲಿ ಗಾಳಿಯಾಡುವ ಕಡೆ ಒದ್ದೆ ಮರಳಿನ ಮೇಲೆ ಇಡಬೇಕು. ಆಳವಾದ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಕುಡಿಯಲು ಶುದ್ಧ ನೀರಿನ ಘಟಕದ ನೀರನ್ನೇ ತುಂಬಿಡಿ. ಉಪ್ಪು ಹಾಕಿದ ನೀರುಮಜ್ಜಿಗೆ, ರಾಗಿ ಅಂಬಲಿ, ಮಾವಿನಕಾಯಿ ಪಾನಕ, ಹೆಸರುಬೇಳೆ ಕೋಸಂಬರಿ, ಕಲ್ಲಂಗಡಿ ಇವೆಲ್ಲ ನಮ್ಮವರಿಗೆ ಹೊಸದಾಗಿ ಹೇಳಬೇಕಾದವಲ್ಲ. ಬಾಯಾರಿಕೆ ಆಗುವವರೆಗೆ ಕಾಯಬಾರದು ಎಂಬುದನ್ನು ಮಾತ್ರ ಹೇಳಬೇಕು. ಮುದುಕರಿಗೆ ಬಾಯಾರಿಕೆಯೇ ತಡವಾಗಿ ತಿಳಿಯುತ್ತದೆ. ರಕ್ತದ ಒತ್ತಡ, ಮೂತ್ರಪಿಂಡದ ಕಾಯಿಲೆ ಇರುವವರು ಉಪ್ಪಿನ ವಿಷಯದಲ್ಲಿ ವೈದ್ಯರನ್ನು ಕೇಳಬೇಕು. ಆರು ತಿಂಗಳೊಳಗಿನ ಕೂಸಿಗೆ ಬೇಸಿಗೆಯಲ್ಲೂ ನೀರು ಕುಡಿಸಬೇಕಾಗಿಲ್ಲ, ತಾಯಿಯ ಹಾಲನ್ನೇ ಹೆಚ್ಚು ಸಲ ಕೊಟ್ಟರೆ ಸಾಕು.

ಬಿಸಿಲು ಬಡಿದಾಗ

ಟೊಮ್ಯಾಟೊ ಬಿಡಿಸುವುದು, ಕಳೆ ತೆಗೆಯುವುದು ಮುಂತಾದ ಕೆಲಸಗಳನ್ನು ಬೆಳಗ್ಗೆ ಆರರಿಂದ ಹನ್ನೊಂದರೊಳಗೆ ಮುಗಿಸಿ, ಉಳಿದದ್ದನ್ನು ನಾಲ್ಕರ ನಂತರ ಇಟ್ಟುಕೊಳ್ಳಬೇಕು. ಬಿಸಿಲಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಪಟ್ಟಣದಿಂದ ರಜೆಗೆ ಬಂದ ಹುಡುಗರನ್ನು ಮೊದಲ ದಿನವೇ ಪೂರ್ತಿ ಕೆಲಸಕ್ಕೆ ಹಚ್ಚಬಾರದು.

ಮೈ ಕೆಂಡದಂತೆ ಸುಡುತ್ತಿದ್ದು, ಮಾತು ತೊದಲಿದರೆ, ಗೊತ್ತುಗುರಿಯಿಲ್ಲದೆ ನಡೆದರೆ ಅಥವಾ ಎಚ್ಚರ ತಪ್ಪಿದರೆ ಅದು ಬರೀ ಆಯಾಸವಲ್ಲ, ಪ್ರಾಣಾಪಾಯ. ಬೆವರು ಇದ್ದರೂ ಇರಬಹುದು. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಕಾಯದೆ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ನೀರು ಸುರಿದು ಬಲವಾಗಿ ಗಾಳಿ ಹಾಕಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಬಿಡಬಾರದು. ಜ್ವರದ ಮಾತ್ರೆಯಿಂದ ಈ ಶಾಖ ಇಳಿಯುವುದಿಲ್ಲ. ಎಚ್ಚರವಿದ್ದು ಬರೀ ಸುಸ್ತಾದವರಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಸಬಹುದು.

ಮುಂದಿನ ಬೇಸಿಗೆಗೆ

ಪಡುವಣ ಗೋಡೆಗೆ ಮಧ್ಯಾಹ್ನದ ಮೇಲಿನ ಬಿಸಿಲು ನೇರ ಬೀಳುತ್ತದೆ. ಜೂನ್ ಮಳೆ ಬಿದ್ದ ಮೇಲೆ ಆ ಕಡೆ, ಗೋಡೆಯಿಂದ ನಾಲ್ಕೈದು ಮೀಟರ್ ದೂರದಲ್ಲಿ, ಎರಡು ಹೊಂಗೆ ಸಸಿ ನೆಡಿ. ಹೊಂಗೆ ಹಳೆಯ ಎಲೆ ಉದುರಿಸಿ ಮಾರ್ಚ್–ಏಪ್ರಿಲ್ ಹೊತ್ತಿಗೆ ಹೊಸ ಎಲೆ ತುಂಬಿಕೊಳ್ಳುವುದರಿಂದ ಬೇಕಾದ ಕಾಲಕ್ಕೇ ನೆರಳು ಕೊಡುತ್ತದೆ. ನೀಲಗಿರಿಯ ನೆರಳು ಈ ಕೆಲಸಕ್ಕೆ ಬಾರದು. ಮರ ಬೆಳೆಯುವವರೆಗೆ, ಜನವರಿಯಲ್ಲಿ ಅದೇ ಗೋಡೆಯ ಬುಡಕ್ಕೆ ಸೋರೆ ಅಥವಾ ಹೀರೆ ಬೀಜ ಊರಿ, ಬಚ್ಚಲ ನೀರು ಹಾಯಿಸಿ, ಗೋಡೆಯಿಂದ ಒಂದು ಮೊಳ ಬಿಟ್ಟು ಹಾಕಿದ ಚಪ್ಪರಕ್ಕೆ ಬಳ್ಳಿ ಹಬ್ಬಿಸಬಹುದು.